ಅರ್ಧ ಚೊಂಬು ಕಡಿಮೆ

1997ರಲ್ಲಿ ಸರ್ಕಾರ ಚನ್ನಗಿರಿ, ಹೊನ್ನಾಳಿಗಳನ್ನು ಶಿವಮೊಗ್ಗದಿಂದಲೂ ಜಗಳೂರನ್ನು ಚಿತ್ರದುರ್ಗದಿಂದಲೂ ಕಿತ್ತು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿತು. ಫೈಲುಗಳು ಸಲೀಸಾಗಿ ಹೋದವು, ಜನ ಹೋಗಲಿಲ್ಲ. ನಮ್ಮ ಚನ್ನಗಿರಿಯ ಹಿರಿಯರಿಗೆ ಹಲ್ಲುನೋವು ಬಂದರೆ ಇವತ್ತಿಗೂ ಕಾಲು ತಾನಾಗಿ ಶಿವಮೊಗ್ಗದ ಬಸ್ಸಿನ ಕಡೆ ತಿರುಗುತ್ತದೆ.

ಆದೇಶ ಹೊರಡಿಸಿದರೆ ಮನುಷ್ಯ ಅಲುಗುವುದಿಲ್ಲ ಎಂಬುದನ್ನು ನನ್ನ ಹೆಂಡತಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ನೀರಿಗೆ ತತ್ವಾರವಿದ್ದ ಜಗಳೂರಿನ ಕಡೆಯವಳು. ನಾನೋ ಭದ್ರಾ ಕಾಲುವೆ, ಸೂಳೆಕೆರೆ, ಅಡಿಕೆ ತೋಟಗಳ ನಡುವೆ ಬೆಳೆದವನು. ಹಂಡೆ ಖಾಲಿಯಾದಾಗಲೇ ಸ್ನಾನ ಮುಗಿಯಿತೆಂದು ತಿಳಿದವನು. ಮದುವೆಯಾದ ಹೊಸತರಲ್ಲಿ ಮಾವನ ಮನೆಯಲ್ಲಿ ಹಾಗೇ ಸ್ನಾನ ಮಾಡಿ ಹೊರಬಂದರೆ, ಮಾವ ಹಂಡೆಯೊಳಗೆ ಇಣುಕಿ, "ಅಳಿಯಂದ್ರೆ, ನೀರು ಸಾಕಾಯ್ತೇನ್ರೀ?" ಅಂದರು. ಉಪಚಾರ ಅಂದುಕೊಂಡು "ಇನ್ನೊಂಚೂರು ಇದ್ದಿದ್ರೆ ಚೆನ್ನಾಗಿತ್ತು" ಅಂದೆ. ಅತ್ತೆ ಒಳಗೆ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು. ಆ ಹಂಡೆ ಇಡೀ ಮನೆಯದಾಗಿತ್ತು.

ಹೆಂಡತಿ ಈ ಬಗ್ಗೆ ಭಾಷಣ ಮಾಡಲಿಲ್ಲ. ಚನ್ನಗಿರಿಗೆ ಬಂದ ಮೇಲೆ ದಿನಾ ಬಕೆಟ್ಟು ತುಂಬಿಡುವ ಕೆಲಸ ತಾನೇ ವಹಿಸಿಕೊಂಡಳು. ಅಷ್ಟು ಪ್ರೀತಿ ಕಂಡಾಗಲೇ ಅನುಮಾನ ಬರಬೇಕಿತ್ತು. ನೀರು ಅಂಚಿನಿಂದ ಅರ್ಧ ಚೊಂಬಿನಷ್ಟು ಇಳಿಯಿತು. ನನಗೆ ಅದು ಒಗ್ಗಿದ ಮೇಲೆ ಇನ್ನರ್ಧ ಚೊಂಬು. ಸೋಪು ಹಚ್ಚುವಾಗ ಚೊಂಬು ಕೆಳಗಿಡುವುದು ಯಾವಾಗ ರೂಢಿಯಾಯಿತೋ ಗೊತ್ತಿಲ್ಲ. ಈಗ ಒಂದೇ ಬಕೆಟ್ಟಿನಲ್ಲಿ ಸ್ನಾನ ಮುಗಿಸಿ, ಉಳಿದ ನೀರಿನಲ್ಲಿ ಬಚ್ಚಲನ್ನೂ ತೊಳೆದು ಬರುತ್ತೇನೆ.

ಇದೇ ಕೈಚಳಕ ಚಹಾದಲ್ಲೂ ನಡೆದಿತ್ತು. ಅದು ಬಯಲಾದದ್ದು ಹೊನ್ನಾಳಿಯ ಬೀಗರ ಮನೆಯಲ್ಲಿ. ಮೊದಲ ಗುಟುಕಿಗೇ ಮುಖ ಕಿವುಚಿಕೊಂಡಿತು. ಚಹಾ ಅಲ್ಲ, ಪಾನಕ. ಬೀಗಿತ್ತಿ ಗಾಬರಿಯಾಗಿ, "ಅಯ್ಯೋ, ಸಕ್ಕರೆ ಕಡಿಮೆಯಾಯ್ತಾ ಬೀಗ್ರೆ?" ಎಂದು ಇನ್ನೊಂದು ಚಮಚ ಸುರಿದರು. ಪಕ್ಕದಲ್ಲಿದ್ದ ನನ್ನವಳು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದಳು.

ಸಕ್ಕರೆ ಬಿಡಿಸಿದಂತಲ್ಲ, ಅಡಿಕೆಯೂರಿನಲ್ಲಿ ಕೂತು ಗುಟ್ಕಾ ಬಿಡಿ ಅನ್ನುವುದು ಕಷ್ಟ. ಬೆಳಿಗ್ಗೆ ಎದ್ದರೆ ದೇವರಿಗಿಂತ ಮೊದಲು ರಾಶಿ ಅಡಿಕೆಯ ರೇಟು ಕೇಳುವವರು ನಾವು. ಆದರೂ ನ್ಯಾಮತಿಯ ನನ್ನ ಗೆಳೆಯ ಬಿಟ್ಟ. ಅಲ್ಲಿಯ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಊರು; ಫೆಬ್ರವರಿಯ ಜಯಂತಿಗೆ ಮಾಲೆ ಹಾಕಿದ ಬಂಜಾರರು ಎಲ್ಲೆಲ್ಲಿಂದಲೋ ನಡೆದು ಬರುತ್ತಾರೆ. ಗೆಳೆಯನೂ ಮಾಲೆ ಹಾಕಿ, ವ್ರತ ಹಿಡಿದು, ಗುಟ್ಕಾ ನಿಲ್ಲಿಸಿದ್ದ. ಮಾಲೆ ತೆಗೆದ ದಿನ ಅಂಗಡಿಗೆ ಹೋಗಲು ಸೋಮಾರಿತನ. ನಾಳೆ ತಗೊಂಡ್ರಾಯ್ತು ಅಂದ. ಮರುದಿನವೂ ಅದನ್ನೇ ಅಂದ. ಹೆಂಡತಿ ಹೇಳಿದ ಕೆಲಸಗಳನ್ನೆಲ್ಲ ಹೀಗೇ ಮುಂದೂಡಿ ಪಳಗಿದವನಿಗೆ ಇದೇನು ಮಹಾ! "ಬಿಟ್ಟಿಲ್ಲ ಮಾರಾಯ, ನಾಳೆಯಿಂದ ಶುರು" ಎಂದು ಈಗಲೂ ಹೇಳುತ್ತಾನೆ.

ಇತ್ತ ತುಂಗಭದ್ರೆಯ ನೀರನ್ನು ಪೈಪಿನಲ್ಲಿ ಹರಿಸಿ ಜಗಳೂರು ಸೀಮೆಯ 57 ಕೆರೆ ತುಂಬಿಸುವ ಯೋಜನೆ ಬಂತು. ಮಾವನ ಊರಿನ ಕೆರೆಯಲ್ಲೂ ನೀರು ಕಾಣಿಸಿತು. ಇನ್ನಾದರೂ ಅಪ್ಪ ಮೈತುಂಬ ನೀರು ಹುಯ್ದುಕೊಳ್ಳಲಿ ಎಂದು ಹೆಂಡತಿ ತವರಿಗೆ ಹೋದಾಗ ತನ್ನ ವಿದ್ಯೆಯನ್ನು ತಿರುವುಮುರುವು ಮಾಡಿದಳು. ಅವರ ಬಕೆಟ್ಟಿಗೆ ಸದ್ದಿಲ್ಲದೆ ಅರ್ಧ ಚೊಂಬು ಹೆಚ್ಚಿಗೆ ಹಾಕಿದಳು. ನನಗೆ ವರ್ಷಗಟ್ಟಲೆ ತಿಳಿಯದ ಲೆಕ್ಕ ಮಾವನಿಗೆ ಅವತ್ತೇ ತಿಳಿಯಿತು. ಬಚ್ಚಲಿನಿಂದಲೇ ಕೂಗಿದರು: "ಯಾರೇ ಅದು, ಅಳಿಯಂದ್ರ ಬಕೆಟ್ಟು ನನಗಿಟ್ಟೋರು?"