ಪರದೇಶಿ ವ್ಯಾಕರಣ: ಪೆರೂಜಾದ ಸಾಲುಗಳನ್ನು ಕುರಿತ ಶಾಸ್ತ್ರಗ್ರಂಥದ ಪ್ರಥಮಾಧ್ಯಾಯ

ಗ್ರಂಥಾರಂಭದಲ್ಲಿ ವಿಷಯ, ಪ್ರಯೋಜನ, ಅಧಿಕಾರಿ ಇವನ್ನು ಹೇಳಿಬಿಡಬೇಕೆಂಬುದು ಪ್ರಾಚೀನರ ಕಟ್ಟಳೆ. ವಿಷಯ: ಇಟಲಿಗೆ ಹೋಗಿ ಇಟಾಲಿಯನ್ ಕಲಿಯುವವರ ದಿನಚರಿ. ಪ್ರಯೋಜನ: ಸದ್ಯಕ್ಕೆ ಕಾಣದು. ಅಧಿಕಾರಿ, ಎಂದರೆ ಈ ಶಾಸ್ತ್ರವನ್ನು ಓದಲು ಯೋಗ್ಯನಾದವನು: ಟೋಕನ್ ಹಿಡಿದು ಒಂದು ಗಂಟೆಯಾದರೂ ಕಚೇರಿಯ ಗೋಡೆ ನೋಡಿದ ಯಾವನೇ ಮನುಷ್ಯ. ಇಟಾಲಿಯನ್ ಬರಬೇಕಾದ್ದಿಲ್ಲ; ಬಂದರೆ ಅಡ್ಡಿಯೇ.

ಕ್ಷೇತ್ರ ಉಂಬ್ರಿಯಾ ಪ್ರಾಂತದ ಪೆರೂಜಾ. ಗುಡ್ಡದ ಮೇಲಿನ ಈ ಊರಿನಲ್ಲಿ ಪರದೇಶಿಗಳಿಗೆಂದೇ ಒಂದು ವಿಶ್ವವಿದ್ಯಾಲಯವಿದೆ. 1921ರಲ್ಲಿ ಉಪನ್ಯಾಸಮಾಲೆಯಾಗಿ ಶುರುವಾದದ್ದು 1925ರಲ್ಲಿ ವಿಶ್ವವಿದ್ಯಾಲಯವಾಯಿತು. ಅದು ನಡೆಯುವ ಗಲ್ಲೆಂಗಾ ಅರಮನೆಯ ಎದುರಿಗೇ ಕ್ರಿಸ್ತಪೂರ್ವದ ಎಟ್ರುಸ್ಕನ್ ಹೆಬ್ಬಾಗಿಲು. ಎಟ್ರುಸ್ಕನ್ ಭಾಷೆಯನ್ನು ಈಗ ಯಾರೂ ಆಡುವುದಿಲ್ಲ, ವಿದ್ವಾಂಸರಿಗೂ ಪೂರ್ತಿ ಅರ್ಥವಾಗಿಲ್ಲ. ಮೊದಲ ವಾರದ ವಿದ್ಯಾರ್ಥಿಗೆ ಆ ಬಾಗಿಲನ್ನು ನೋಡಿದರೆ ಎಷ್ಟೋ ಸಮಾಧಾನ.

॥ ಸಾಲೇ ಶಾಲೆ ॥

ಇದು ಪ್ರಥಮ ಸೂತ್ರ. ವೃತ್ತಿ: ತರಗತಿಯಲ್ಲಿ ಭಾಷೆಯನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲು ಮಾಡಿ ಕಲಿಸುತ್ತಾರೆ. ಅದು ಬರೀ ಪೀಠಿಕೆ. ಭಾಷೆ ನಿಜವಾಗಿ ದಕ್ಕುವುದು ನಿಂತು ಕಾಯುವಾಗ. ತೊಡಕೆಂದರೆ, ಇಟಲಿಯ ಸಾಲು ಕಣ್ಣಿಗೆ ಕಾಣುವಂಥದ್ದಲ್ಲ. ಡಾಕ್ಟರ ಕೋಣೆಯ ಹೊರಗೆ ಹತ್ತು ಜನ ಹತ್ತು ದಿಕ್ಕಿಗೆ ಕೂತಿರುತ್ತಾರೆ, ಒಳಬಂದವನು "ಕೀ ಎ ಲುಲ್ತಿಮೋ?", ಕೊನೆಯವರು ಯಾರು, ಎಂದು ಕೇಳುತ್ತಾನೆ, ಒಬ್ಬರು ಬೆರಳೆತ್ತುತ್ತಾರೆ, ಅಲ್ಲಿಗೆ ಸಾಲು ಸಿದ್ಧ. ನಿರಾಕಾರವನ್ನು ಅರಿಯಲು ನಮ್ಮ ವೇದಾಂತಿಗಳು ಜನ್ಮಾಂತರ ಸಾಧನೆ ಹೇಳಿದರು. ಇಲ್ಲಿ ಒಂದು ಪ್ರಶ್ನೆ ಸಾಕು. ಕೇಳದೆ ಕೂತವನು ಮಾತ್ರ ಸಂಜೆವರೆಗೆ ಕೂತೇ ಇರುತ್ತಾನೆ.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ: "ಇಟಾಲಿಯನ್ನರಿಗೆ ಭಾಷೆ ತಾಯಿಯ ಹಾಲಿನ ಜೊತೆ ಬಂತಲ್ಲ, ಅವರೇನು ಸಾಲಿನಲ್ಲಿ ನಿಂತರೆ?" ನಿಂತರಯ್ಯ. 1861ರಲ್ಲಿ ದೇಶ ಒಂದಾದಾಗ ಇಟಾಲಿಯನ್ ಬಳಸಬಲ್ಲವರು ನೂರಕ್ಕೆ ಎರಡೂವರೆ ಮಂದಿ ಎಂಬುದು ಭಾಷಾಶಾಸ್ತ್ರಜ್ಞ ತುಲ್ಲಿಯೋ ದೆ ಮೌರೋ ಅವರ ಅಂದಾಜು. ಮಿಕ್ಕವರದು ತಮ್ಮ ತಮ್ಮ ಊರಿನ ನುಡಿ. ನೂರು ವರ್ಷದ ಮೇಲೆ, 1960ರಲ್ಲಿ, ಆಲ್ಬೆರ್ತೋ ಮಾಂತ್ಸಿ ಎಂಬ ಮೇಷ್ಟರು ಟಿವಿಯಲ್ಲಿ ಬಂದು ದೊಡ್ಡವರಿಗೆ ಅಕ್ಷರ ತಿದ್ದಿಸಬೇಕಾಯಿತು. ಎರಡು ತಿಂಗಳಲ್ಲಿ ನಾಲಿಗೆ ತಿರುಗಲಿಲ್ಲವೆಂದು ಅಳುವ ವಿದ್ಯಾರ್ಥಿಗೆ ಈ ಲೆಕ್ಕವನ್ನು ಬೆಳಿಗ್ಗೆ ಸಂಜೆ ಹೇಳಬೇಕು.

ಕಾಫಿ ಬಾರಿನ ಪ್ರಕರಣವನ್ನು ಪೂರ್ವಾಚಾರ್ಯರು ಸಾಕಷ್ಟು ಅರೆದಿರುವುದರಿಂದ ನಾವು ಬೇಗ ಮುಗಿಸುತ್ತೇವೆ. ನಿಂತು ಕುಡಿದರೆ ಒಂದು ದರ, ಕೂತರೆ ಇನ್ನೊಂದು. ಊಟದ ಮೇಲೆ ಕಪ್ಪುಚ್ಚಿನೋ ಕೇಳುವುದು ಅಪರಾಧವಲ್ಲ, ಅಪಶಕುನ. ಕನ್ನಡದವರಿಗೆ ಇಲ್ಲೊಂದು ಹುಟ್ಟುಬಲವಿದೆ: ಒತ್ತಕ್ಷರ. ಒತ್ತಿಲ್ಲದ ದೇಶಗಳಿಂದ ಬಂದವರು 'ಪೆನ್ನೆ' ಎಂಬ ಪಾಸ್ತಾವನ್ನು ಒತ್ತು ನುಂಗಿ ಕೇಳಿದಾಗ ಮಾಣಿ ಯಾಕೆ ಮುಖ ತಿರುಗಿಸಿ ನಗುತ್ತಾನೆ ಎಂಬುದನ್ನು ಮರ್ಯಾದಸ್ಥರ ಪತ್ರಿಕೆಯಲ್ಲಿ ವಿವರಿಸಲಾಗದು.

॥ ಆಜ್ಞೆಗೆ ಸಂಶಯರೂಪಂ ॥

ಇದೇ ಈ ಶಾಸ್ತ್ರದ ತಿರುಳು. ಓದುಗರು ನೆಟ್ಟಗೆ ಕೂರಬೇಕು. ಇಟಾಲಿಯನ್ ಕ್ರಿಯಾಪದಕ್ಕೆ 'ಕೊಂಜುಂತಿವೋ' ಎಂಬ ರೂಪವುಂಟು. ಆಸೆ, ಅನುಮಾನ, ಅಂಜಿಕೆ, ಹೀಗೆ ಗಟ್ಟಿಯಾಗಿ ಹೇಳಲಾಗದ್ದನ್ನೆಲ್ಲ ಅದರಲ್ಲಿ ಹೇಳುತ್ತಾರೆ. ಎರಡು ಮೆಟ್ಟಿಲು ಹತ್ತಿದ ಮೇಲಷ್ಟೇ ಮೇಷ್ಟರು ಅದನ್ನು ಹೊರಗೆ ತೆಗೆಯುವುದು. ಆದರೆ ಯೂರೋಪಿನ ಒಕ್ಕೂಟದ ಹೊರಗಿನಿಂದ ಬಂದವನು ಇಳಿದ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅರ್ಜಿಯ ಲಕೋಟೆ ಸಿಗುವುದು ಅಂಚೆ ಕಚೇರಿಯಲ್ಲಿ. ಅದಕ್ಕೆ ಬೇಕಾದ 16 ಯೂರೋದ ಮುದ್ರಾಚೀಟಿ ಸಿಗುವುದು ತಂಬಾಕಿನ ಅಂಗಡಿಯಲ್ಲಿ. ಬೆರಳಚ್ಚು ಕೊಡಬೇಕಾದ್ದು ಪೊಲೀಸರಿಗೆ. ಈ ಮೂರು ಕ್ಷೇತ್ರಗಳ ಯಾತ್ರೆಯಲ್ಲಿ ಅವನ ಕಿವಿಗೆ ಬೀಳುವುದು ಮೂರೇ ಮಂತ್ರ: 'ಆಸ್ಪೆತ್ತಿ', ಕಾಯಿರಿ, 'ಫಿರ್ಮಿ', ಸಹಿ ಹಾಕಿ, 'ತೋರ್ನಿ', ಮತ್ತೆ ಬನ್ನಿ. ಮೂರೂ ಅಪ್ಪಟ ಕೊಂಜುಂತಿವೋ! ಮರ್ಯಾದೆಯ ಆಜ್ಞೆಯನ್ನು ಇಟಾಲಿಯನ್ನರು ಕೊಡುವುದೇ ಈ ಅನುಮಾನದ ರೂಪದಲ್ಲಿ. "ನಾಳೆ ಬನ್ನಿ" ಎನ್ನುವಾಗ, ನಾಳೆಯಾದರೂ ಕೆಲಸವಾದೀತೆಂಬ ಭರವಸೆ ತಮಗೂ ಇಲ್ಲವೆಂಬುದನ್ನು ವ್ಯಾಕರಣದಲ್ಲೇ ಒಪ್ಪಿಕೊಂಡುಬಿಡುವ ಇಂಥ ಪ್ರಾಮಾಣಿಕ ಕೌಂಟರು ಪ್ರಪಂಚದಲ್ಲಿ ಇನ್ನೆಲ್ಲಿದೆ?

ಈ ಮರ್ಯಾದೆಗೆ ಆಧಾರ 'ಲೇಯಿ'. ಎದುರಿಗೆ ನಿಂತ ಗಡ್ಡದ ಗಂಡಸನ್ನೂ 'ಅವಳು' ಎಂಬ ಪದದಿಂದಲೇ ಬಹುವಚನಕ್ಕೆ ಸಮನಾಗಿ ಗೌರವಿಸುವ ಪದ್ಧತಿ. ಇದು ಗಂಡಸುತನಕ್ಕೆ ಸಲ್ಲದೆಂದು ಮುಸೊಲಿನಿ ಸರ್ಕಾರಕ್ಕೆ ಹೊಳೆಯಿತು. 1938ರಲ್ಲಿ 'ಲೇಯಿ' ಬಿಡಿ, 'ನೀವು' ಎಂಬರ್ಥದ 'ವೋಯಿ' ಹಿಡಿಯಿರಿ ಎಂದು ಕಟ್ಟಪ್ಪಣೆಯಾಯಿತು. 'ಲೇಯಿ' ಎಂಬ ಹೆಸರಿನ ಮಹಿಳಾ ಪತ್ರಿಕೆಯೊಂದು, ಅದರ ಪಾಡಿಗೆ ಹೆಂಗಸರ ಸುದ್ದಿ ಹಾಕಿಕೊಂಡಿದ್ದದ್ದು, ಹೆಸರು ಬದಲಿಸಿ 'ಅನ್ನಾಬೆಲ್ಲಾ' ಆಯಿತು. ಸರ್ಕಾರ ಬಿತ್ತು, ಲೇಯಿ ಉಳಿಯಿತು. ಸರ್ವಾಧಿಕಾರಿಗಿಂತ ಸರ್ವನಾಮ ಗಟ್ಟಿ ಎಂದು ಇಲ್ಲೊಂದು ಉಪಸೂತ್ರ ಬರೆಯಬಹುದಿತ್ತು. ತೀರಾ ಸುಲಭವಾದ್ದರಿಂದ ಬಿಟ್ಟಿದ್ದೇವೆ.

ಕಾಯುವುದರಲ್ಲಿ ಪೆರೂಜಾದವರಿಗೆ ವಂಶಪಾರಂಪರ್ಯದ ಪರಿಣತಿ. 1540ರಲ್ಲಿ ಪೋಪ್ ಮೂರನೆಯ ಪಾವ್ಲೋ ಉಪ್ಪಿನ ಬೆಲೆ ಏರಿಸಿದ, ಊರು ದಂಗೆಯೆದ್ದಿತು, ಸೋತಿತು. ಗೆದ್ದ ಪೋಪ್ ಊರಿನ ನೆತ್ತಿಯ ಮೇಲೆ ಕೋಟೆ ಕಟ್ಟಿಸಿದ. ಅಂದಿನಿಂದ ಇಲ್ಲಿನ ಬ್ರೆಡ್ಡಿಗೆ ಉಪ್ಪಿಲ್ಲವಂತೆ. ಪಕ್ಕದ ತೊಸ್ಕಾನದ ಬ್ರೆಡ್ಡಿಗೂ ಉಪ್ಪಿಲ್ಲವಲ್ಲ ಎಂದು ಇತಿಹಾಸಕಾರರು ತಕರಾರು ತೆಗೆಯುತ್ತಾರೆ. ತಕರಾರು ನ್ಯಾಯವಾದದ್ದೇ, ಆದರೆ ಶಾಸ್ತ್ರಕ್ಕೆ ಅನುಕೂಲವಲ್ಲ. ಕೋಟೆಯ ಮೇಲ್ಭಾಗವನ್ನು, ಕಾದೂ ಕಾದೂ, 19ನೆಯ ಶತಮಾನದಲ್ಲಿ ಊರವರೇ ಕೆಡವಿದರು. ಉಳಿದ ಹೊಟ್ಟೆಯೊಳಗೆ ಈಗ ಎಸ್ಕಲೇಟರುಗಳು ಓಡುತ್ತವೆ. ವಿದ್ಯಾರ್ಥಿ ಸಪ್ಪೆ ಬ್ರೆಡ್ಡು ಅಗಿಯುತ್ತ, ಕ್ರಿಯಾಪದ ಉರುಹೊಡೆಯುತ್ತ, ಪೋಪನ ಕೋಟೆಯಲ್ಲಿ ಮೇಲಕ್ಕೆ ಸಾಗುತ್ತಾನೆ.

ಪ್ರಾಸಂಗಿಕವಾಗಿ ಒಂದು ಪೂರ್ವನಿದರ್ಶನ. ಸುಮಾರು 1420ರಲ್ಲಿ ನಮ್ಮ ವಿಜಯನಗರಕ್ಕೆ ನಿಕೊಲೋ ದೆ ಕೊಂತಿ ಎಂಬ ವೆನಿಸ್ ಸೀಮೆಯ ವರ್ತಕ ಬಂದಿದ್ದ. ದೇಶ ಸುತ್ತುವಾಗ ಕ್ರೈಸ್ತಮತ ಬಿಡಬೇಕಾಗಿ ಬಂದಿದ್ದವನು ಊರಿಗೆ ಮರಳಿ ಕ್ಷಮೆ ಕೇಳಲು ಪೋಪನ ಬಳಿ ಹೋದ. ಆಗ ಪೋಪನ ಕಾರ್ಯದರ್ಶಿ ಪೊಜ್ಜೋ ಅವನ ಕಥೆಯನ್ನೆಲ್ಲ ಕೇಳಿ ಬರೆದುಕೊಂಡ, ಅದೂ ಲ್ಯಾಟಿನ್ನಿನಲ್ಲಿ. ಪರದೇಶದಿಂದ ಬಂದವನೊಬ್ಬ ಕಾಗದಪತ್ರ ಸರಿಮಾಡಿಸಿಕೊಳ್ಳಲು ಹೋಗಿ ಮೌಖಿಕ ಪರೀಕ್ಷೆಗೆ ಸಿಕ್ಕಿಬಿದ್ದ ಪ್ರಸಂಗಗಳಲ್ಲಿ ನಮಗೆ ಹತ್ತಿರದ್ದು ಇದೇ.

॥ ಭವಿಷ್ಯತ್ತು ಊಹಾಮಾತ್ರಂ ॥

ತಿಂಗಳುಗಳ ಮೇಲೆ ವಿದ್ಯಾರ್ಥಿ ಕೇಳುತ್ತಾನೆ: ಪರವಾನಗಿಯ ಕಾರ್ಡು ಬಂತೇ? ಉತ್ತರ: "ಸರಾ ಪ್ರೊಂತೋ." ಇಲ್ಲಿ ಭಾಷ್ಯಕಾರರಲ್ಲಿ ಎರಡು ಪಂಥ. ಇದು ಭವಿಷ್ಯತ್ಕಾಲ, 'ಸಿದ್ಧವಾಗುತ್ತದೆ' ಎಂದು ನವ್ಯರು. ಇಟಾಲಿಯನ್ನರು ಊಹೆಯನ್ನೂ ಭವಿಷ್ಯತ್ತಿನಲ್ಲೇ ಹೇಳುತ್ತಾರಾದ್ದರಿಂದ 'ಸಿದ್ಧವಾಗಿದ್ದೀತು' ಎಂದು ಪ್ರಾಚೀನರು. ತಾಲ್ಲೂಕು ಕಚೇರಿಯಲ್ಲಿ "ಆದೀತು ಬಿಡಿ" ಕೇಳಿ ಬೆಳೆದ ಕನ್ನಡಿಗ ಯಾವ ಪಂಥಕ್ಕೂ ಸೇರದೆ ಬೆಂಚು ಹುಡುಕುತ್ತಾನೆ. ವಿದ್ಯಾರ್ಥಿಯ ಪರವಾನಗಿಗೆ ಸಾಮಾನ್ಯವಾಗಿ ಒಂದು ವರ್ಷದ ಆಯುಸ್ಸು. ಕಾರ್ಡು ಕೈಗೆ ಬರುವ ಹೊತ್ತಿಗೆ ನವೀಕರಣದ ಹೊತ್ತೂ ಹತ್ತಿರವಾಗಿರುವುದುಂಟು. ಅದಕ್ಕೆ ಇನ್ನೊಂದು 16 ಯೂರೋದ ಚೀಟಿ ಬೇಕು. ತಂಬಾಕಿನ ಅಂಗಡಿ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ; ನಾಲ್ಕರ ಮೇಲೆ ತೆಗೆದೀತು.