ಸಕ್ಕರೆ ನೀರಿಗೆ ಬಂದ ಸೊಕ್ಕು

ಫಿನ್ಲೆಂಡಿನ ‘ಕಿಲ್ಯು’ ಎಂಬ ಮನೆಮದ್ಯಕ್ಕೆ ದ್ರಾಕ್ಷಿ ಬೇಡ, ಸೇಬು ಬೇಡ, ವಂಶಾವಳಿಯಂತೂ ಬೇಡವೇ ಬೇಡ. ಸಕ್ಕರೆ, ನೀರು, ಯೀಸ್ಟ್ ಇದ್ದರಾಯಿತು. ಇನ್ನೂ ಖಡಕ್ ಆಗಬೇಕೆನ್ನುವವರು ಟರ್ಬೊ ಯೀಸ್ಟ್ ತರುತ್ತಾರೆ. 25 ಲೀಟರಿಗೆ 6–8 ಕಿಲೋ ಸಕ್ಕರೆ ಸುರಿದರೂ ಕೊನೆಗೆ ಸಿಹಿಯೇ ಉಳಿಯುವುದಿಲ್ಲ. ಎಲ್ಲವನ್ನೂ ಯೀಸ್ಟ್ ತಿಂದು ತೇಗಿರುತ್ತದೆ. ಬಕೆಟ್ಟಿನಿಂದ ಕೇಳುವ ಗುಳುಗುಳು ಆ ತೇಗಿನದೇ. ಬ್ರೆಡ್ಡಿನ ಯೀಸ್ಟ್ ಶೇ. 12ರ ಆಸುಪಾಸಿನಲ್ಲಿ ಕೈಚೆಲ್ಲಿದರೆ, ಟರ್ಬೊ ಶೇ. 18ರವರೆಗೂ ದುಡಿಯುತ್ತದೆ. ಆಮೇಲೆ ತಾನೇ ಮಾಡಿದ ಮದ್ಯದಲ್ಲಿ ತಾನೇ ಸಾಯುತ್ತದೆ. ಕುಡುಕರಿಗೆ ಇದಕ್ಕಿಂತ ದೊಡ್ಡ ನೀತಿಪಾಠ ಬೇಕೆ? ಆದರೆ ಲೋಟ ಹಿಡಿದು ಕೂತವರಿಗೆ ಪಾಠ ಕೇಳುವ ತಾಳ್ಮೆ ಎಲ್ಲಿ!

ಸೋಸುವುದಕ್ಕಂತೂ ತಾಳ್ಮೆ ಬೇಕೇ ಬೇಕು. ಗುಳುಗುಳು ನಿಂತರೂ ದ್ರವ ಅಕ್ಕಿ ತೊಳೆದ ನೀರಿನಂತೆ ಮಬ್ಬುಮಬ್ಬು. ಬಟ್ಟೆಯಲ್ಲಿ ಸೋಸಿದರೆ ಯೀಸ್ಟ್ ಕಣಗಳು ನಗುತ್ತಾ ಆಚೆ ಬರುತ್ತವೆ. ಅವುಗಳ ಗಾತ್ರ ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲು. ತಣ್ಣನೆಯ ಜಾಗದಲ್ಲಿಟ್ಟು, ಗಸಿ ತಳ ಹಿಡಿದ ಮೇಲೆ ಕೊಳವೆ ಹಾಕಿ ತಿಳಿಯನ್ನಷ್ಟೇ ಇಳಿಸಬೇಕು. ವಾಸನೆ ತಡೆಯದವರು ಇದ್ದಿಲಿನ ಮೂಲಕವೂ ಹಾಯಿಸುತ್ತಾರೆ. ವಾಸನೆ ತಗ್ಗುತ್ತದೆ, ಮರುದಿನದ ತಲೆನೋವು ಮಾತ್ರ ಯಾವ ಸೋಸಣಿಗೆಗೂ ಸಿಗುವುದಿಲ್ಲ.

ಫಿನ್ಲೆಂಡಿನ ಸರ್ಕಾರದ ಲೆಕ್ಕವೂ ಸ್ವಾರಸ್ಯವೇ. 1919ರಲ್ಲಿ ಬಂದ ಪಾನನಿಷೇಧ ಮುಗಿದು ಸರ್ಕಾರಿ ಮದ್ಯದಂಗಡಿಗಳು ಬಾಗಿಲು ತೆರೆದದ್ದು 1932ರ ಏಪ್ರಿಲ್ 5ರ ಬೆಳಿಗ್ಗೆ 10ಕ್ಕೆ. ದಿನ, ತಿಂಗಳು, ಇಸವಿಯ ಕೊನೆಯೆರಡು ಅಂಕಿ, ಗಂಟೆ ಸಾಲಾಗಿ ಬರೆಯಿರಿ: 543210. ರಾಕೆಟ್ ಉಡಾವಣೆಗೆ ಎಣಿಸಿದಂತಿದೆ. ಹಾರಿದವರು ಯಾರೆಂದು ಬಿಡಿಸಿ ಹೇಳಬೇಕೆ?