ಟಯರು ಮೆಟ್ಟಿನ ಮೀಮಾಂಸೆ

ಲಾರಿ ಟಯರಿನ ಚಪ್ಪಲಿಯ ಬಗ್ಗೆ ನಮ್ಮ ವಿದ್ವಲ್ಲೋಕ ತಾಳಿರುವ ದೀರ್ಘ ಮೌನ ಸಕಾರಣವಾದದ್ದೇ. ಅದನ್ನು ಮೆಟ್ಟುವವರು ವಿಚಾರ ಸಂಕಿರಣಗಳಿಗೆ ಬರುವುದಿಲ್ಲ. ಬಂದರೂ ಮೆಟ್ಟನ್ನು ಬಾಗಿಲಾಚೆಯೇ ಬಿಟ್ಟು ಬರುತ್ತಾರೆ. ಈ ಕೊರತೆ ನೀಗುವ ಭಾರ ಪ್ರಸ್ತುತ ಪ್ರಬಂಧಕಾರನ ತಲೆಗೆ ಬಿದ್ದಿದೆ.

ಮರುಬಳಕೆಯ ಪಾದರಕ್ಷೆ ಈ ಶತಮಾನದ ಕೊಡುಗೆ ಎಂಬುದು ಪೂರ್ವಪಕ್ಷ. 2015ರಲ್ಲಿ ಅಡಿಡಾಸ್ ಕಂಪನಿ ಕಡಲಿಂದ ಎಳೆದು ತೆಗೆದ ಕಳ್ಳಬಲೆಗಳ ನೂಲಿನಿಂದ ಶೂ ಹೆಣೆದು ತೋರಿಸಿತು. 2021ರಲ್ಲಿ ನಮ್ಮ ದೇಶದ್ದೇ ಆದ ಥೈಲಿ ಕಂಪನಿ 10 ಪ್ಲಾಸ್ಟಿಕ್ ಚೀಲ, 12 ಬಾಟಲಿ ಸೇರಿಸಿ ಒಂದು ಜೊತೆ ಎಂಬ ಲೆಕ್ಕ ಕೊಟ್ಟಿತು. ಮೆಚ್ಚತಕ್ಕದ್ದೇ. ಆದರೆ ವಿಯೆಟ್ನಾಮಿನ ನಾಯಕ ಹೋ ಚಿ ಮಿನ್ ಇದಕ್ಕೆ ದಶಕಗಳ ಮೊದಲೇ ಟಯರು ಚಪ್ಪಲಿ ಮೆಟ್ಟಿಕೊಂಡು ಫ್ರೆಂಚರನ್ನು ಎದುರಿಸಿದ್ದರು. ಅಧ್ಯಕ್ಷರಾಗಿದ್ದೂ ಅದನ್ನು ಬಿಡಲಿಲ್ಲ. (ಅಣ್ಣನ ಪಾದುಕೆ ಇಟ್ಟುಕೊಂಡು 14 ವರ್ಷ ರಾಜ್ಯ ನಡೆಸಿದ ಭರತನ ಪ್ರಕರಣ ಮರುಬಳಕೆಗೆ ಸಲ್ಲುವುದೋ ಇಲ್ಲವೋ ಎಂಬುದಕ್ಕೆ ಪ್ರತ್ಯೇಕ ಸಂಪುಟವೇ ಬೇಕು.)

ಇನ್ನು ತತ್ತ್ವವಿಚಾರ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ವಿದ್ಯೆ ಕಂಡುಕೊಂಡ. ಗಂಧಕ ರಬ್ಬರಿನ ಎಳೆ ಎಳೆಗಳ ನಡುವೆ ಗಂಟು ಹಾಕುತ್ತದೆ, ಬಿಚ್ಚುವುದು ಮಹಾಕಷ್ಟ. ಆದ್ದರಿಂದ ಟಯರನ್ನು ಬಾಟಲಿಯಂತೆ ಕರಗಿಸಿ ಮತ್ತೆ ಎರಕ ಹೊಯ್ಯಲಾಗದು, ಸುಟ್ಟರೆ ಕೇರಿಗೆಲ್ಲ ಕರಿಹೊಗೆ. ಅದರ ಮೋಕ್ಷಕ್ಕೆ ಜ್ಞಾನಮಾರ್ಗವೂ ಇಲ್ಲ, ಭಕ್ತಿಮಾರ್ಗವೂ ಇಲ್ಲ. ಇರುವುದು ರಂಪಿಗೆಯ ಮಾರ್ಗವೊಂದೇ.

ಆ ಮಾರ್ಗದ ಆಚಾರ್ಯ ಬಸ್ ಸ್ಟ್ಯಾಂಡಿನ ಮರದ ಬುಡದಲ್ಲಿ ಗೋಣಿತಾಟು ಹಾಸಿ ಕೂತಿರುತ್ತಾನೆ. ನಿಮ್ಮ ಪಾದವನ್ನು ಟಯರಿನ ತುಂಡಿನ ಮೇಲೆ ಇಡಿಸಿ ಸೀಮೆಸುಣ್ಣದಲ್ಲಿ ಸುತ್ತ ಗೀಚುತ್ತಾನೆ. ರಂಪಿಗೆಯನ್ನು ನೀರಿಗೆ ಅದ್ದಿ ಅದ್ದಿ ಕೊಯ್ಯುತ್ತಾನೆ, ಒಣಗಿದ ಅಲಗು ರಬ್ಬರಿಗೆ ಕಚ್ಚಿಕೊಂಡು ನಿಲ್ಲುತ್ತದೆ. "ತಂತಿ ಟಯರು ತರಬ್ಯಾಡಿ, ನೈಲಾನಿಂದು ತನ್ನಿ" ಎನ್ನುವುದು ಅವನ ಏಕೈಕ ಸೂತ್ರ. ಭಾಷ್ಯ: ರೇಡಿಯಲ್ ಟಯರಿನೊಳಗಿನ ಉಕ್ಕಿನ ತಂತಿ ಅಲಗನ್ನು ತಿಂದುಹಾಕುತ್ತದೆ. ಕೊನೆಗೆ ಪಟ್ಟಿ ಕೂರಿಸಿ, ಮೊಳೆಯ ತಲೆಯನ್ನು ರಬ್ಬರಿನೊಳಕ್ಕೆ ಹುಗಿದು, ಬೆರಳಿಂದ ಸವರಿ ನೋಡಿ ಕೊಡುತ್ತಾನೆ.

ಈ ಮೆಟ್ಟಿನಿಂದ ನ್ಯಾಯಶಾಸ್ತ್ರಕ್ಕೆ ಒದಗಿದ ಆಪತ್ತು ಸಣ್ಣದಲ್ಲ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂದು ಊಹಿಸುವ ತಾರ್ಕಿಕ, ಹೊಲದ ಬದುವಿನಲ್ಲಿ ಟಯರಿನ ಗುರುತು ಕಂಡು ಲಾರಿ ಹೋಗಿದೆ ಎಂದು ಸಾಧಿಸಹೊರಟರೆ ಎದುರಿಗೆ ಸಿಗುವುದು ಕುರಿ ಕಾಯುವವನು. ಹವಾಯಿ ಚಪ್ಪಲಿಯನ್ನು ಸೀಳಿ ಬರುವ ಬಳ್ಳಾರಿ ಜಾಲಿಯ ಮುಳ್ಳು ಇವನ ಮುಂದೆ ಮೊಂಡು. ದೋಷ ಒಂದೇ: ಗುಡಿಯ ಮುಂದೆ ಬಿಟ್ಟ ಟಯರು ಚಪ್ಪಲಿಯನ್ನು ಯಾರೂ ಕದಿಯುವುದಿಲ್ಲ. ಚಪ್ಪಲಿ ಕಳೆದರೆ ಶನಿ ಕಳೆಯಿತು ಎನ್ನುವ ನಾಡಿನಲ್ಲಿ ಇವನ ಶನಿ ಕಳೆಯುವುದಾದರೂ ಹೇಗೆ?

ಉಳಿದದ್ದು ಕೃತಜ್ಞತಾ ಪ್ರಕರಣ. ಪರಿಸರಸ್ನೇಹಿ ಶೂ ಕೊಂಡವನಿಗೆ ಡಬ್ಬಿಯೊಳಗೇ ಭೂತಾಯಿಯ ಪರವಾಗಿ ಧನ್ಯವಾದದ ಚೀಟಿ ಸಿಗುವುದುಂಟು. ವರ್ಷಗಟ್ಟಲೆ ಟಯರು ಮೆಟ್ಟಿದವನಿಗೆ ಸಿಗುವುದು ಹೋಟೆಲು ಕಾವಲುಗಾರನ ನೋಟ, ಅದೂ ಮೊದಲು ಕಾಲಿಗೆ. ಕಾಸಿಲ್ಲದವನು ಮಾಡಿದರೆ ಗತಿಗೇಡು, ಕಾಸು ಕೊಟ್ಟು ಮಾಡಿದರೆ ಪರಿಸರಪ್ರಜ್ಞೆ ಎಂಬ ಈ ಭೇದಕ್ಕೆ ಯಾವ ಶಾಸ್ತ್ರದಲ್ಲೂ ಆಧಾರ ಸಿಗಲಿಲ್ಲ. ಆದ್ದರಿಂದ ಸಿದ್ಧಾಂತ: ಧನ್ಯವಾದ ಸಲ್ಲತಕ್ಕದ್ದು ಕೊಂಡವನಿಗಲ್ಲ, ಕೊಯ್ದವನಿಗೆ, ಅದೂ ಚೀಟಿಯ ರೂಪದಲ್ಲಲ್ಲ, ಚೌಕಾಸಿಯಿಲ್ಲದ ನಗದಿನಲ್ಲಿ.

ಆಕ್ಷೇಪವಿರುವ ಪಂಡಿತರು ಒಂದು ಬೇಸಿಗೆ ಟಯರು ಚಪ್ಪಲಿಯಲ್ಲಿ ಜಾಲಿಯ ನಡುವೆ ಓಡಾಡಿ, ಆಮೇಲೆ ವಾದಕ್ಕೆ ಬರತಕ್ಕದ್ದು.